ಸಾಹೇಬರು ನೋಡಬೇಕಾದ ಮೀನು

"ನೋಡಿ, ಹೇಗೆ ತುಂಬಿ ತುಳುಕ್ತಾ ಇದೆ!" ಮೀನುಗಾರಿಕೆ ಇಲಾಖೆಯ ತ್ರಿವಿಕ್ರಮ ದಡದಲ್ಲೇ ನಿಂತು ಕೈ ತಟ್ಟಿದರು. ಮಾಚೇನಹಳ್ಳಿಯ ಹಳೇ ಕಲ್ಲುಕ್ವಾರಿಯ ನೀರಿನಲ್ಲಿ ತೇಲುತ್ತಿದ್ದ ಬಲೆಪಂಜರದೊಳಗೆ ಗೇಣುದ್ದದ ಕಾಟ್ಲಾ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಮೇಲೆತ್ತಿದ್ದವು. ಬೆಂಗಳೂರಿನ ದೊಡ್ಡ ಸಾಹೇಬರು ಎಂಟು ಗಂಟೆಗೆ ಬರುವವರಿದ್ದರು.

"ತುಂಬಿ ತುಳುಕ್ತಿಲ್ಲ ಸಾರ್, ಉಸಿರು ಕಟ್ಟಿ ಮೇಲೆ ಬಂದಿದಾವೆ," ಎಂದಳು ಜಗದಾಂಬಾ. ಮಹಿಳಾ ಸಂಘದ ಮೀನಿಗೆ ಆರು ತಿಂಗಳಿಂದ ಹಿಂಡಿ, ತೌಡು ಹಾಕಿ ಸಾಕಿದವಳು ಅವಳೇ.

ನಿನ್ನೆ ಸಂಜೆಯವರೆಗೆ ಪಂಜರ ಎರಡಿದ್ದವು. ಎಲ್ಲ ಒಂದರಲ್ಲೇ ಇದ್ದರೆ ಸಾಹೇಬರ ಕಣ್ಣಿಗೆ ಮೀನು ಹೆಚ್ಚು ಕಾಣುತ್ತದೆ ಎಂಬ ಘನಂದಾರಿ ಯೋಚನೆ ತ್ರಿವಿಕ್ರಮರಿಗೆ ಹೊಳೆದು, ಎರಡರ ಮೀನನ್ನೂ ಒಂದಕ್ಕೇ ಸುರಿಸಿದ್ದರು. ಖಾಲಿ ಬಲೆ ಅಪಶಕುನವೆಂದು ಬಿಚ್ಚಿಸಿ ಶಿವಮೊಗ್ಗದ ಆಫೀಸಿಗೂ ಸಾಗಿಸಿದ್ದರು. ಹೊಳೆಹೊನ್ನೂರಿನ ಸಂತೆ ದಿನದ ಬಸ್ಸಿಗೂ ಕಂಡಕ್ಟರ್ ಇಷ್ಟು ಜನ ಹತ್ತಿಸುವುದಿಲ್ಲ.

"ಬೆಳಗಾಗೋದ್ರೊಳಗೆ ನಲವತ್ತು ಸತ್ತಿದಾವೆ ಸಾರ್. ಹಿಂಗೇ ಬಿಟ್ರೆ ಮಧ್ಯಾಹ್ನಕ್ಕೆ ಒಂದೂ ಉಳಿಯಲ್ಲ."

"ಸತ್ತಿದ್ದನ್ನ ಎತ್ತಿ ಬಿಸಾಕಮ್ಮ. ಎರಡು ಗಂಟೆ ತಡ್ಕೊ. ಸಾಹೇಬರು ಬಂದಾಗ ಒಂದು ಹಿಡಿ ತೌಡು ಎರಚು, ಸಾಕು."

"ಉಸಿರಿಗೆ ಒದ್ದಾಡೋರಿಗೆ ಎಲೆ ಹಾಕಿ ಬಡಿಸೋದಾ ಸಾರ್?"

ಸಂಘದ ಅಧ್ಯಕ್ಷೆ ಈಶ್ವರಮ್ಮ ಅವಳ ಸೆರಗು ಜಗ್ಗಿದಳು. "ಸುಮ್ನಿರೇ ಮಾರಾಯ್ತಿ. ಮುಂದಿನ ವರ್ಷ ಮರಿ ಕೊಡೋರು ಅವರೇ."

"ಈ ವರ್ಷದ್ದೇ ಸಾಯ್ತಾ ಇದಾವಲ್ಲಕ್ಕ!"

ಜಗದಾಂಬಾ ಸೀರೆ ಎತ್ತಿ ಕಟ್ಟಿ, ಡ್ರಮ್ಮಿನ ತೆಪ್ಪ ಹತ್ತಿ ಪಂಜರದ ಹತ್ತಿರ ಹೋದಳು. ತ್ರಿವಿಕ್ರಮರು ದಡದಿಂದಲೇ ಕೂಗಾಡಿದರು. ಮೂರು ಹೆಜ್ಜೆಯಲ್ಲಿ ಲೋಕ ಅಳೆದವನ ಹೆಸರಿಟ್ಟುಕೊಂಡವರಿಗೆ ತೆಪ್ಪದ ಮೇಲೆ ಒಂದು ಹೆಜ್ಜೆ ಇಡಲು ಧೈರ್ಯವಿರಲಿಲ್ಲ.

"ಏಯ್, ಹಗ್ಗ ಮುಟ್ಟಬೇಡ! ಅದು ಸರ್ಕಾರದ ಮೀನು!"

"ಸರ್ಕಾರ ಮರಿ ಕೊಡ್ತು ಸಾರ್. ಮೀನು ಮಾಡಿದ್ದು ನಾವು."

ಮೂಲೆಯ ಹಗ್ಗ ಬಿಚ್ಚಿ ಬಲೆಯ ಅಂಚನ್ನು ನೀರೊಳಗೆ ಅದುಮಿದಳು. ಮೀನು ಗುಂಪುಗುಂಪಾಗಿ ಹೊರಗೆ ನುಗ್ಗಿದವು. ಕ್ವಾರಿಯ ತಳವೆಲ್ಲ ಚೂಪು ಕಲ್ಲು, ಅಲ್ಲಿ ಯಾವ ಬಲೆಯೂ ಎಳೆಯಲು ಬಾರದು. ಹೋದದ್ದು ಹೋದಂತೆಯೇ. ಆರು ತಿಂಗಳ ದುಡಿಮೆ ಬೆರಳ ಸಂದಿಯಿಂದ ಜಾರುತ್ತಿದ್ದುದನ್ನು ಕಂಡು ಅವಳಿಗೆ ಅಳು ಒತ್ತರಿಸಿ ಬಂತು. ಬಲೆ ಅದುಮಿದ ಕೈ ಮಾತ್ರ ಮೇಲೆತ್ತಲಿಲ್ಲ. ಅಷ್ಟರಲ್ಲಿ ತೆಪ್ಪ ಒಮ್ಮೆ ವಾಲಿತು. ಈಜಿಕೊಂಡು ಬಂದ ಈಶ್ವರಮ್ಮ ಹತ್ತುತ್ತಿದ್ದಳು.

"ಆ ಕಡೆ ನಾನು ಹಿಡೀತೀನಿ, ಬಿಡು. ಒಬ್ಬಳ ಕೈಲಾಗಲ್ಲ," ಎಂದಳು, ಇನ್ನೂ ಬೈಯುವ ದನಿಯಲ್ಲೇ.

ಅರ್ಧದಷ್ಟು ಮೀನು ಹೋದ ಮೇಲೆ ಇಬ್ಬರೂ ಸೇರಿ ಹಗ್ಗ ಬಿಗಿದು ಕಟ್ಟಿದರು.

ದೊಡ್ಡ ಸಾಹೇಬರು ಬಂದದ್ದು ಒಂಬತ್ತೂವರೆಗೆ. ದಡದಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡು ಪಂಜರದತ್ತ ನೋಡಿದರು. ನೀರು ನಿಶ್ಚಲವಾಗಿತ್ತು.

"ಏನ್ರೀ ತ್ರಿವಿಕ್ರಮ, ಒಂದು ಮೀನೂ ಕಾಣ್ತಿಲ್ವಲ್ಲ?"

ತ್ರಿವಿಕ್ರಮರು ಕರ್ಚೀಫಿಗೆ ತಡಕಾಡಿದರು. ಒದ್ದೆ ಸೀರೆಯಲ್ಲೇ ಜಗದಾಂಬಾ ಮುಂದೆ ಬಂದು ನಿಂತಳು.

"ಬದುಕಿದಾವೆ ಸಾರ್, ಅದಕ್ಕೇ ಕಾಣ್ತಿಲ್ಲ."