ಹಿಡ್ಕೋ

"ಇದಕ್ಕೇನಂತಾರೆ?" ಗಾಜಿನಮನೆಯ ಮೇಲ್ವಿಚಾರಕರು ಚಪ್ಪರದ ಕಂಬಕ್ಕೆ ಒರಗಿ, ಕೊರಳಿನ ದಾರದಲ್ಲಿ ತೂಗುತ್ತಿದ್ದ ಕನ್ನಡಕವನ್ನು ಬೆನ್ನ ಹಿಂದಕ್ಕೆ ತಳ್ಳಿಕೊಂಡು, ಬಳ್ಳಿಯ ತುದಿಯಿಂದ ಚಾಚಿದ್ದ ಹಸಿರು ಎಳೆಯೊಂದನ್ನು ತೋರಿಸಿದರು.

"ಹಿಡ್ಕೋ," ಅಂದಳು ಅವಳು, ಚೂರೂ ತಡವರಿಸದೆ.

ಅಂದವಳೇ ನಾಲಿಗೆ ಕಚ್ಚಿಕೊಂಡಳು. ತೋಟ ನೋಡಲು ಬಂದವರಿಗೆ ಗಿಡಬಳ್ಳಿ ತೋರಿಸಿ ವಿವರಿಸುವ ಕೆಲಸದ ಸಂದರ್ಶನವಿದು. ಅವಳಂಥ ಬಾಯಿಬಡುಕಿಗೆ ಹೇಳಿ ಮಾಡಿಸಿದ ಕೆಲಸ. "ಈ ಬಣ್ಣ ನಿಮಗೆ ಒಪ್ಪಲ್ಲ" ಎಂದು ಗಿರಾಕಿಗಳ ಮುಖಕ್ಕೇ ಹೇಳಿ ಬಟ್ಟೆ ಅಂಗಡಿಯ ಕೆಲಸ ಕಳೆದುಕೊಂಡಾಗಿತ್ತು. ಇದೂ ಕೈತಪ್ಪಿದರೆ ಅಕ್ಕನ ಮನೆಯಲ್ಲಿ ಇನ್ನೆಷ್ಟು ದಿನ ಅಂತ ಬಿದ್ದಿರುವುದು? ಬೆಳಿಗ್ಗೆ ಅಕ್ಕ ಬಾಗಿಲವರೆಗೂ ಬಂದು, "ಕೇಳಿದ್ದಕ್ಕಷ್ಟೇ ಉತ್ತರ ಕೊಡೇ, ನಿನ್ನ ದಮ್ಮಯ್ಯ" ಎಂದು ಕೈಮುಗಿದಿದ್ದಳು.

"ಏನಂದ್ರಿ?"

"ಪುಸ್ತಕದಲ್ಲಿ ಕುಡಿಬಳ್ಳಿ ಅಂತಿದೆ ಸರ್, ಓದ್ಕೊಂಡೇ ಬಂದಿದೀನಿ. ನಮ್ಮನೇಲಿ ಮಾತ್ರ ಹಿಡ್ಕೋ."

"ಯಾರಮ್ಮಾ ಈ ಹೆಸರಿಟ್ಟಿದ್ದು?" ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ಮಜ್ಜಿ. ಹಿತ್ತಲಲ್ಲಿ ಬಳ್ಳಿಗೆ ಹುರಿ ಕಟ್ಟಿ, ಈ ಎಳೇನ ಮೆಲ್ಲಗೆ ಅದರ ಮೇಲಿಟ್ಟು, 'ಹಿಡ್ಕೋ ಮಗಾ' ಅನ್ನೋಳು. ಒಂದೊಂದಕ್ಕೂ ಹೇಳೋಳು. ಕೇಳಿ ಕೇಳಿ ಮೊಮ್ಮಕ್ಕಳಿಗೆ ಅದೇ ಹೆಸರಾಗೋಯ್ತು."

"ಚೆನ್ನಾಗಿದೆ. ಆದ್ರೆ ನಾಲ್ಕು ಜನರ ಮುಂದೆ ಮನೆಮಾತು ನಡೆಯಲ್ಲ."

ಇಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಅಕ್ಕನ ಮುಗಿದ ಕೈ ಕಣ್ಣಮುಂದೆ ಬಂತು ಕೂಡ. ಆದರೆ ಅಜ್ಜಿಯ ಮಾತಿಗೆ ಬಂದಮೇಲೆ ಸುಮ್ಮನಿರುವುದುಂಟೇ!

"ಯಾಕೆ ನಡೆಯಲ್ಲ ಸರ್? ಕುಡಿಬಳ್ಳಿ ಅಂದ್ರೆ ತಲೆ ಆಡಿಸ್ಕೊಂಡು ಮುಂದೆ ಹೋಗ್ತಾರೆ. ಹಿಡ್ಕೋ ಅಂದು ನೋಡಿ, ನಿಂತು ಬೆರಳು ಚಾಚ್ತಾರೆ."

"ಆಯ್ತಮ್ಮ, ಹೋಗ್ಬನ್ನಿ. ತಿಳಿಸ್ತೀವಿ."

'ತಿಳಿಸ್ತೀವಿ' ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ? ಈ ಕೆಲಸವೂ ಹೋದಂತೆಯೇ. ಆದರೂ ಆಡಿದ ಮಾತಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಚೀಲ ಹೆಗಲಿಗೇರಿಸಿದಳು.

ಮೇಲ್ವಿಚಾರಕರು ಒಳಗೆ ಹೋಗಲು ತಿರುಗಿದರು. ಕೊರಳು ಹಿಂದಕ್ಕೆ ಜಗ್ಗಿತು. ಇಬ್ಬರೂ ಮಾತಿನ ಭರದಲ್ಲಿದ್ದಾಗ ಬಳ್ಳಿಯ ಎಳೆ ಕನ್ನಡಕದ ದಾರಕ್ಕೆ ಒಂದು ಸುತ್ತು ಹಾಕಿ ಕೂತಿತ್ತು. ಎಳೆದರೆ ಕಿತ್ತುಹೋಗುತ್ತದೆ, ಬಳ್ಳಿ ಬೆಳೆಸಿದವರಿಗೆ ಅದಕ್ಕೆ ಮನಸ್ಸು ಬಂದೀತೇ? ಕತ್ತು ಓರೆ ಮಾಡಿಕೊಂಡು ಹಾಗೇ ನಿಂತರು.

"ಏನಮ್ಮಾ, ನೋಡ್ತಾ ನಿಂತಿದೀರಲ್ಲ! ಇದನ್ನ ಬಿಡಿಸಿ."

"ಯಾವುದನ್ನ ಸರ್?"

ಅವರು ಗಂಟಲು ಸರಿಮಾಡಿಕೊಂಡರು.

"ಹಿಡ್ಕೋನ," ಅಂದರು. "ಮೆಲ್ಲಗೆ ಬಿಡಿಸಿ. ನಾಳೆ ಜನಕ್ಕೆ ನೀವೇ ತೋರಿಸ್ಬೇಕು."