ಎರಡನೇ ಹಾರಾಟ

ಬಾಗಿಲು ತೆರೆದ ಅನುರಾಧಾ ನರಹರಿಯನ್ನು ಹೊಸ್ತಿಲಲ್ಲೇ ತಡೆದಳು. ಅತ್ತೆ ಎದೆಯ ಆಪರೇಷನ್ ಆಗಿ ಮನೆಗೆ ಬಂದು ವಾರವೂ ಕಳೆದಿಲ್ಲ, ಮಗ ಹೋದ ಸುದ್ದಿ ಕಿವಿಗೆ ಬಿದ್ದರೆ ಅವರೂ ಉಳಿಯುವುದಿಲ್ಲ ಎಂದು ಪಿಸುಗುಟ್ಟಿದಳು. ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ಹಿಮದಲ್ಲಿ ಹೂತುಹೋದ ಅವಳ ಗಂಡ ಗುರುಬಸವನ ದೇಹ ಇನ್ನೂ ಸಿಕ್ಕಿರಲಿಲ್ಲ. ಅದು ಹೈದರಾಬಾದಿಗೆ ಬರುವವರೆಗಾದರೂ ಮುಚ್ಚಿಡಬೇಕಿತ್ತು. ಅದಕ್ಕೇ ಅವಳು ಹಣೆಯ ಕುಂಕುಮ ಅಳಿಸಿರಲಿಲ್ಲ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಗೆ ರಜೆ ಹಾಕಿ ಕಾವಲು ಕೂತಿದ್ದಳು. ಟಿವಿಯ ಕೇಬಲ್ ಕಿತ್ತಿದ್ದಳು. ಒಂದು ದಿನವೂ ಧಾರಾವಾಹಿ ಬಿಡದ ಅತ್ತೆ ಅದೇಕೋ ಟಿವಿ ಕೇಳಲೇ ಇಲ್ಲ. ಸದ್ಯ, ಬಚಾವಾದೆ ಎಂದುಕೊಂಡಿದ್ದಳು.

ನರಹರಿ ಗುರುಬಸವನ ಪಕ್ಕ ಕೂತು ಹೆಲಿಕಾಪ್ಟರ್ ಹಾರಿಸುತ್ತಿದ್ದವನು. ಸುಳ್ಳು ಹೇಳಿ ಅಭ್ಯಾಸವಿಲ್ಲ. ಒಳಗೆ ಹೋಗಿ ಗುರುಬಸವನ ತಾಯಿ ಸುಂದರಾಬಾಯಿಯ ಕಾಲು ಮುಟ್ಟಿ, ಮಗ ಬೆಟ್ಟದಲ್ಲಿ ಡ್ಯೂಟಿಯ ಮೇಲಿದ್ದಾನೆ, ಅಲ್ಲಿಂದ ಫೋನು ಹತ್ತುವುದಿಲ್ಲ ಎಂದ.

ಮಗ ಯಾವಾಗ ಬರುತ್ತಾನೆ ಎಂದು ಅವರು ಕೇಳಲಿಲ್ಲ. ಹೇಗೆ ಹಾರಿಸುತ್ತಾನೆ, ಅದನ್ನು ಹೇಳು ಎಂದರು.

ಅದನ್ನಾದರೆ ಸುಳ್ಳಿಲ್ಲದೆ ಹೇಳಬಹುದು ಎಂದು ನರಹರಿ ಶುರುಮಾಡಿದ. ಹಿಮದ ಇಳಿಜಾರಿನಲ್ಲಿ ಮೂವರು ಚಾರಣಿಗರು ಸಿಕ್ಕಿಬಿದ್ದಿದ್ದರು. ಇಳಿಯಲು ಅಂಗೈಯಗಲ ಜಾಗವಿರಲಿಲ್ಲ. ಗುರುಬಸವ ಹೆಲಿಕಾಪ್ಟರಿನ ಒಂದು ಕಾಲನ್ನಷ್ಟೇ ಬಂಡೆಯ ಅಂಚಿಗೆ ತಾಗಿಸಿ, ಉಳಿದ ಭಾರವನ್ನೆಲ್ಲ ಗಾಳಿಯಲ್ಲೇ ಹಿಡಿದು ನಿಲ್ಲಿಸಿದ. ತಿರುಗುವ ರೆಕ್ಕೆಗೂ ಬೆಟ್ಟದ ಗೋಡೆಗೂ ಒಂದು ಮಾರು ದೂರ. ಇಬ್ಬರನ್ನು ಹಾಗೆಯೇ ಹತ್ತಿಸಿಕೊಂಡು ಕೆಳಗೆ ತಂದ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಒಬ್ಬ ಮನುಷ್ಯನ ತೂಕವೂ ಹೆಚ್ಚೇ. ಮೊದಲ ಸಲವೇ ನಾಲ್ವರ ಭಾರಕ್ಕೆ ಹೆಲಿಕಾಪ್ಟರ್ ಕುಸಿಯುವಂತಾಗಿತ್ತು, ಈಗ ಗಾಳಿಯೂ ಜೋರಾಗಿತ್ತು. ಆದ್ದರಿಂದ ಎರಡನೇ ಸಲ ನರಹರಿಯನ್ನು ಕೆಳಗಿಳಿಸಿ ಹೋದ.

“ಒಬ್ಬನ ಹೋದನೇನಪ್ಪಾ?” ಎಂದರು ಸುಂದರಾಬಾಯಿ.

“ಹೂಂರಿ ಅಮ್ಮಾ, ಒಬ್ಬನ.”

“ಮ್ಯಾಲಿದ್ದಾಂವ ಉಳದನೇನು?”

ಉಳಿದ ಎಂದ ನರಹರಿ. ಅದೂ ನಿಜವೇ, ಮರುದಿನ ಬೇರೆಯವರು ಹೋಗಿ ಕರೆತಂದಿದ್ದರು. ಆಮೇಲಿನದು ಮಾತ್ರ ಸುಳ್ಳು. ಗುರುಬಸವ ವಾಪಸ್ ಬಂದು ಬಿಸಿ ಚಹಾ ಕುಡಿದ, ನಿಮ್ಮನ್ನು ನೆನೆದ ಎಂದ. ಸುಂದರಾಬಾಯಿ ಅವನ ಕೈ ಹಿಡಿದು ಸವರುತ್ತ ಕುಳಿತರು. ನಂಬಿದರಲ್ಲ ಎಂದು ಅವನಿಗೆ ಸಮಾಧಾನವಾಯಿತು, ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು.

ಅನುರಾಧಾ ಅವನು ಕುಡಿದಿಟ್ಟ ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ನರಹರಿ ಎದ್ದು ಕೈ ಮುಗಿದು, “ಹೋಗಿ ಬರ್ತೀನ್ರಿ ಅಮ್ಮಾ” ಎಂದ.

ಸುಂದರಾಬಾಯಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಸೊಸೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

“ಸತ್ತ ಮನಿಯಿಂದ ಹೋಗುವಾಗ ಬರ್ತೀನಿ ಅನಬಾರದಪ್ಪಾ. ಸುಮ್ಮನ ಹೋಗಬೇಕು.”