ಕಡಲಿನ ಸಸ್ಯಾಹಾರಿಗಳು

"ಮೀನು ಮುಟ್ಟಿದ ಕೈ ಕಣೇ ಅದು. ಆ ಕೈಲಿ ನಂಗೆ ತುತ್ತು ಬ್ಯಾಡ," ಎಂದು ಗುರುಶಾಂತಮ್ಮ ಗೋಡೆ ಕಡೆಗೆ ಮುಖ ತಿರುಗಿಸಿದರು.

ಕಾರವಾರದ ಕಾಲೇಜಿನಿಂದ ರಜಕ್ಕೆ ಬಂದಿದ್ದ ಮೊಮ್ಮಗಳು ಸರ್ವಮಂಗಳ ಕಲಸಿದ ತುತ್ತನ್ನು ಹಿಡಿದುಕೊಂಡೇ ಕೂತಳು. ತೋಟದಲ್ಲಿ ತೆಂಗಿನ ಮಟ್ಟೆ ಎಡವಿ ಬಿದ್ದ ಅಜ್ಜಿಯ ಮುರಿದ ಬಲಗೈಗೆ ಬಿದಿರು ದಬ್ಬೆ ಕಟ್ಟಿದ್ದರು. ಎಡಗೈಲಿ ಉಣ್ಣುವುದೆಂದರೆ ಅವರಿಗೆ ಅದೂ ಮೀನಿನಷ್ಟೇ ಮೈಲಿಗೆ. ಮಜ್ಜಿಗೆ ಅನ್ನಕ್ಕೆ ಒಗ್ಗರಣೆ ಹಾಕಿಟ್ಟು ತಿಪಟೂರಿಗೆ ಮದುವೆಗೆ ಹೋದ ಸೊಸೆ ಬರುವುದು ಸಂಜೆ ಬಸ್ಸಿಗೇ. ಬೆಳಗಿನಿಂದ ಅಜ್ಜಿಯ ಹೊಟ್ಟೆಗೇನೂ ಬಿದ್ದಿಲ್ಲ. ಹಟ ಹಿಡಿದರೆ ಅಜ್ಜಿ ಸಂಜೆವರೆಗೂ ಹೀಗೇ ಕೂರುವವರೇ.

"ಮೀನು ಮುಟ್ಟಿಲ್ಲ ಅಜ್ಜಿ. ಸಮುದ್ರದ ನೀರಲ್ಲಿ ಎಳ್ಳಿನಷ್ಟು ಸಣ್ಣ ಹುಳ ಇರ್ತವೆ. ಅವು ಹೆಂಗೆ ಉಣ್ತವೆ ಅಂತ ನೋಡೋದೇ ನನ್ನ ಓದು."

"ಉಣ್ಣೋದ್ನ ನೋಡಕ್ಕೆ ಒಂದು ಕಾಲೇಜು. ಉಣ್ಣೋರ ಬಾಯಿ ನೋಡಬಾರದು ಕಣೇ, ದೃಷ್ಟಿ ಆಯ್ತದೆ." ಮುಖ ತಿರುಗಿಸದೆ ಗೋಡೆಗೇ ಕೇಳಿದರು: "ಏನು ಉಣ್ತವೆ?"

"ಹಸುರು. ಕೆರೆ ನೀರಲ್ಲಿ ಪಾಚಿ ಇರಲ್ವಾ, ಅಂಥದ್ದೇ, ಕಣ್ಣಿಗೆ ಕಾಣದಷ್ಟು ಸಣ್ಣದು. ಬಾಯಿ ಹತ್ರ ಪುಟ್ಟಪುಟ್ಟ ಕೈ ಆಡಿಸಿ ನೀರು ಎಳ್ಕತವೆ. ಬಂದದ್ದನ್ನ ರುಚಿ ನೋಡಿ, ಬೇಕಾದ್ದು ಒಳಕ್ಕೆ, ಬೇಡದ್ದು ಹೊರಕ್ಕೆ."

ಗುರುಶಾಂತಮ್ಮನ ಮುಖ ಅರ್ಧ ಈಚೆಗೆ ಬಂತು. "ಬೇರೆ ಏನೂ ಮುಟ್ಟಲ್ವಾ? ಹಂಗಾರೆ ನಮ್ಮೋರೇ ಅನ್ನು. ಅಷ್ಟು ಮೀನುಗಳ ಮಧ್ಯ ಇದ್ಕಂಡು ಅದೆಂಗೆ ಆಚಾರ ಉಳಿಸ್ಕಂಡವೋ, ಪಾಪ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತನ್ನನ್ನು ಎತ್ತಿ ಆಡಿಸಿದ ಈ ಅಜ್ಜಿಗೆ ಸುಳ್ಳು ಹೇಳಿ ಸರ್ವಮಂಗಳಳಿಗೆ ಅಭ್ಯಾಸವಿರಲಿಲ್ಲ.

"ಎಲ್ಲವೂ ಹಂಗಲ್ಲ ಅಜ್ಜಿ. ಹಸುರು ಸಿಗದೇ ಹೋದ್ರೆ ಕೆಲವು ತಮ್ಮ ಮರಿಗಳನ್ನೇ ತಿಂದುಬಿಡ್ತವೆ."

ಹಿತ್ತಿಲಲ್ಲಿ ಒಣಗಿದ ತೆಂಗಿನ ಗರಿಯೊಂದು ಕಳಚಿ ಬಿದ್ದ ಸದ್ದಾಯಿತು. ಸರ್ವಮಂಗಳ ತುತ್ತನ್ನು ತಟ್ಟೆಗೆ ಇಳಿಸಿದಳು.

"ತಿಂದಾವು ಬುಡು," ಎಂದರು ಗುರುಶಾಂತಮ್ಮ ಕೊನೆಗೆ. "ಹಸಿವಿಗೆ ಯಾವ ಆಚಾರವೇ? ಇನ್ನೊಂದು ಗಳಿಗೆ ಹೋಗಿದ್ರೆ ನಾನೇ ನಿನ್ನ ತಿಂತಿದ್ದೆ."

ಹಲ್ಲಿಲ್ಲದ ಬಾಯಿ ತೆರೆಯಿತು. ಸರ್ವಮಂಗಳ ತುತ್ತಿಟ್ಟಳು. ಅಜ್ಜಿ ಕಣ್ಣು ಮುಚ್ಚಿ ಅದನ್ನು ಬಾಯೊಳಗೇ ಅತ್ತಿತ್ತ ಹೊರಳಿಸಿದರು. ಒಗ್ಗರಣೆಯ ಕರಿಬೇವಿನ ಎಲೆಯೊಂದನ್ನು ಮಾತ್ರ ನಾಲಿಗೆಯ ತುದಿಯಿಂದ ಮೆಲ್ಲಗೆ ಹೊರಗೆ ತಳ್ಳಿ, ಮತ್ತೆ ಬಾಯಿ ತೆರೆದರು.